ಹಮಾಲಿ ಶಲಬಿಯ ಹನ್ನೊಂದು ಹೆಜ್ಜೆ

ಮೊದಲೇ ಹೇಳಿಬಿಡುತ್ತೇನೆ, ಆ ಮೂಗರ್ಜಿ ಬರೆದವನು ನಾನಲ್ಲ. ಊರಲ್ಲಿ ಅರ್ಧ ಜನ ಈಗಲೂ ಅದು ಫಹೀಮ್ ಎಫೆಂದಿಯದೇ, ಅಂದರೆ ನನ್ನದೇ, ಕೆಲಸ ಎನ್ನುತ್ತಾರೆ. ಉಳಿದರ್ಧ ಜನ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಕಾಫಿ ಅಂಗಡಿಗೆ ಕಾಲಿಟ್ಟ ಕೂಡಲೇ ಮಾತು ಬದಲಿಸಿ ಹತ್ತಿಯ ಬೆಲೆ ಎತ್ತಿಕೊಳ್ಳುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಇಪ್ಪತ್ತೆಂಟು ವರ್ಷ ಗಿರಣಿಯ ಕಚೇರಿಯಲ್ಲಿ ಅಪಘಾತದ ಕಡತಗಳನ್ನು ನೋಡಿಕೊಂಡವನು ನಾನು. ಎಫೆಂದಿ ಎಂಬ ಮರ್ಯಾದೆಯ ಹೆಸರೂ ಆ ಕುರ್ಚಿಯಿಂದಲೇ ಬಂದದ್ದು. ಅನುಮಾನಪಡುವುದಕ್ಕೇ ಸಂಬಳ ತಿಂದವನ ಮೇಲೆ ಜನ ಅನುಮಾನಪಡುವುದರಲ್ಲಿ ಅನ್ಯಾಯವೇನಿದೆ?

ಬೆರಳು ತುಂಡಾಯಿತೆಂದು ಬಂದವನ ಬೆರಳು ಎಣಿಸುವುದು ನನ್ನ ಕೆಲಸವಾಗಿತ್ತು. ಮಗ್ಗದ ಸದ್ದಿಗೆ ಕಿವುಡಾದೆನೆಂದು ಅರ್ಜಿ ಹಾಕಿದವನೊಬ್ಬ, ನಾನು ಪಕ್ಕದವನ ಕಿವಿಯಲ್ಲಿ ಹೇಳಿದ ಪೋಲಿ ಜೋಕಿಗೆ ಮುಸಿಮುಸಿ ನಕ್ಕು ಸಿಕ್ಕಿಬಿದ್ದಿದ್ದ. ಕಾಲು ಮುರಿದವನ ಬ್ಯಾಂಡೇಜು ಸೋಮವಾರ ಎಡಗಾಲಲ್ಲಿದ್ದದ್ದು ಬುಧವಾರ ಬಲಗಾಲಿಗೆ ಬಂದದ್ದನ್ನೂ ನಾನೇ ಕಂಡುಹಿಡಿದೆ. ನನ್ನ ಹೆಂಡತಿ ಹೇಳುತ್ತಿದ್ದಳು, "ನಿನ್ನ ಪ್ರಾಣ ತಗೊಂಡ್ ಹೋಗೋಕೆ ದೇವದೂತ ಬಂದ್ರೂ ಗುರುತಿನ ಚೀಟಿ ತೋರ್ಸಪ್ಪ ಅಂತೀಯ, ಬಿಡು." ಅಂತೀನಿ. ಯಾಕನ್ನಬಾರದು?

ಶಲಬಿಯ ವಿಷಯಕ್ಕೆ ಬರುತ್ತೇನೆ. ಶಲಬಿ ನಮ್ಮ ಗಿರಣಿಯ ಹಮಾಲಿ. ಹದಿನಾರನೆಯ ವಯಸ್ಸಿಗೆ ಕಾಲುವೆಯಾಚೆಯ ಹಳ್ಳಿಯಿಂದ ಬರಿಗಾಲಲ್ಲಿ ಬಂದು ಹತ್ತಿ ಗೋದಾಮಿಗೆ ಸೇರಿದ. ಓದು ಬರಹ ಇಲ್ಲ, ಹೆಬ್ಬೆಟ್ಟು. ಕುಳ್ಳ, ಅಗಲ ಬೆನ್ನು, ಕುತ್ತಿಗೆ ಎಲ್ಲಿದೆಯೆಂದು ಹುಡುಕಬೇಕು. ಚಹಾಕ್ಕೆ ಆರು ಚಮಚ ಸಕ್ಕರೆ ಹಾಕಿಸಿಕೊಂಡು, ಅದನ್ನು ಕದಡದೆ ಕುಡಿದು, ತಳದ ಸಕ್ಕರೆಯನ್ನು ಬೆರಳಲ್ಲಿ ಬಳಿದು ತಿನ್ನುತ್ತಿದ್ದ. ಇಬ್ಬರು ಎತ್ತುವುದನ್ನು ಒಬ್ಬನೇ ಎತ್ತುವುದು ಅವನಿಗೆ ಶೋಕಿ. ಅವನ ಮದುವೆಯ ದಿನ ಹೆಣ್ಣಿನ ಕಡೆಯ ಸಾಮಾನು ಗಾಡಿಯಲ್ಲಿ ಮೆರವಣಿಗೆಯಾಗಿ ಬಂತು. ಮೂರು ಬಾಗಿಲಿನ ಕನ್ನಡಿ ಬೀರು ಮೆಟ್ಟಿಲಿಗೆ ಸಿಕ್ಕಿಕೊಂಡಾಗ, ಮದುಮಗನೇ ಹೊಸ ಅಂಗಿ ಬಿಚ್ಚಿ ಅದನ್ನು ಬೆನ್ನ ಮೇಲೆ ಹೇರಿಕೊಂಡು ನಾಲ್ಕು ಮಹಡಿ ಹತ್ತಿದ. ಅತ್ತೆ ಕೆಳಗಿನಿಂದ "ಕನ್ನಡಿ ಒಡೀತೋ, ಮದುವೆ ಇಲ್ಲ ನೋಡು!" ಎಂದು ಕೂಗುತ್ತಿದ್ದಳು. ಕನ್ನಡಿ ಒಡೆಯಲಿಲ್ಲ, ಮದುವೆ ಆಯಿತು, ಮೂರು ಹೆಣ್ಣುಮಕ್ಕಳಾದರು. ಹಿರಿಯವಳು ಇನ್ಸಾಫ್. ಹಾಗಾಗಿ ಅವನ ಹೆಂಡತಿಯನ್ನು ಎಲ್ಲರೂ ಕರೆಯುವುದು ಉಮ್ಮು ಇನ್ಸಾಫ್, ಇನ್ಸಾಫಳ ತಾಯಿ ಎಂದೇ.

ಓಣಿಯಲ್ಲಿ ಯಾರೇ ಸತ್ತರೂ ಹೆಣದ ಡೋಲಿಗೆ ಮೊದಲು ಹೆಗಲು ಕೊಡುತ್ತಿದ್ದವನು ಶಲಬಿ. ಡೋಲಿಯ ಎಡಗಡೆಯ ಮುಂದಿನ ಕೋಲು ಅವನದು ಎಂದು ಕೇಳದೆಯೇ ಬಿಟ್ಟುಕೊಡುತ್ತಿದ್ದರು. ನಮ್ಮಲ್ಲಿ ದಾರಿಯಲ್ಲಿ ಡೋಲಿ ಕಂಡವರೆಲ್ಲ ಅಂಗಡಿ ಬಿಟ್ಟು, ಊಟ ಬಿಟ್ಟು ಬಂದು ನಾಲ್ಕು ಹೆಜ್ಜೆ ಹೊರುತ್ತಾರೆ, ಹೊತ್ತವನು ಮುಂದಿನವನಿಗೆ ಕೊಡುತ್ತಾನೆ. ಶಲಬಿ ಕೊಡುತ್ತಿರಲಿಲ್ಲ. ಮಸೀದಿಯಿಂದ ಕಾಲುವೆ ಸೇತುವೆಯ ತನಕ ಅವನೇ. "ಬಿಡೋ, ನಮಗೂ ಸ್ವಲ್ಪ ಪುಣ್ಯ ಬಿಡೋ" ಎಂದು ಹಿಂದಿನವರು ಬೈಯುತ್ತಿದ್ದರು.

ಅವನ ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಚಳಿಗಾಲದ ಕೊನೆಯ ಅಮ್ಶೀರ್ ತಿಂಗಳ ಗಾಳಿಯ ಒಂದು ದಿನ, ಗೋದಾಮಿನಲ್ಲಿ ಒಟ್ಟಿದ್ದ, ಒತ್ತಿ ಪಟ್ಟಿ ಬಿಗಿದ ಹತ್ತಿಯ ಬೇಲುಗಳು ಜಾರಿ ಅವನ ಮೇಲೆ ಬಿದ್ದವು. ಹಮಾಲಿಗಳ ಮೇಸ್ತ್ರಿ ಮಿತ್ವಲ್ಲಿ, ಅರವತ್ತು ಸಮೀಪಿಸಿದ ಮುದುಕ, ಬೇಲಿನ ಕಬ್ಬಿಣದ ಪಟ್ಟಿಗೆ ಬರಿಗೈ ಹಾಕಿ ಎಳೆದು ಅವನನ್ನು ಹೊರಗೆ ತೆಗೆದ. ಮೇಸ್ತ್ರಿಯ ಎರಡು ಉಗುರು ಕಿತ್ತುಹೋದವು. ಶಲಬಿ ಐದು ತಿಂಗಳು ಆಸ್ಪತ್ರೆಯಲ್ಲಿದ್ದ. ಹೊರಗೆ ಬಂದಾಗ ಕೈಯಲ್ಲಿ ಕೋಲು, ಎಡಗಾಲು ನೆಲ ಗುಡಿಸುತ್ತಿತ್ತು.

ಆಮೇಲೆ ಅವನ ಕಡತ ನನ್ನ ಮೇಜಿಗೆ ಬಂತು. ವೈದ್ಯರ ಮಂಡಳಿ ಬರೆದಿತ್ತು: ಬೆನ್ನುಮೂಳೆಯ ಮೂರು ಕಡೆ ಪೆಟ್ಟು, ಬಾಗಲಾರ, ಅರ್ಧ ಗಂಟೆಗಿಂತ ಹೆಚ್ಚು ಕೂರಲಾರ, ಬಲಹೆಗಲಿಗೆ ಸ್ಪರ್ಶ ತಿಳಿಯದು, ಹಮಾಲಿ ಕೆಲಸ ಇನ್ನು ಸಾಧ್ಯವಿಲ್ಲ. ಇಷ್ಟರಿಂದಲೇ ಪಿಂಚಣಿ ಸಿಕ್ಕಿಬಿಡುತ್ತದೆ ಎಂದುಕೊಂಡರೆ ನೀವು ಸರ್ಕಾರವನ್ನು ಕಂಡಿಲ್ಲ. ಅವನು ಬೇರೆ ಯಾವ ಕೆಲಸವನ್ನೂ ಮಾಡಲಾರ, ಗಿರಣಿಯಲ್ಲಿ ಅವನಿಗೆ ಕೊಡುವಂಥ ಹಗುರ ಕೆಲಸ ಒಂದೂ ಇಲ್ಲ ಎಂದು ಐದು ಜನರ ಸಮಿತಿ ಸಹಿ ಹಾಕಬೇಕು. ಆಗ ಮಾತ್ರ ಪೂರ್ಣ ಅಸಮರ್ಥ. ಅವನಿರುವಷ್ಟು ದಿನ ತಿಂಗಳು ತಿಂಗಳು ಪಿಂಚಣಿ, ಅವನ ನಂತರ ಹೆಂಡತಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ. ಇಲ್ಲವಾದರೆ ಗೇಟಿನ ಹತ್ತಿರ ಒಂದು ಸ್ಟೂಲು ಹಾಕಿ ಕಾವಲಿಗೆ ಕೂರಿಸುತ್ತಾರೆ, ದಿನಕ್ಕೆ ಹನ್ನೆರಡು ಗಂಟೆ. ಕೂರಲಾರದವನು ನಾಲ್ಕು ದಿನ ಬಂದು ಐದನೆಯ ದಿನ ಮಲಗುತ್ತಾನೆ, ಗೈರುಹಾಜರಿ ಬೀಳುತ್ತದೆ, ತಿಂಗಳೊಳಗೆ ಹೆಸರು ಹೊಡೆದುಹಾಕುತ್ತಾರೆ. ಆಮೇಲೆ ಪಿಂಚಣಿಯೂ ಇಲ್ಲ, ಸ್ಟೂಲೂ ಇಲ್ಲ. ಇಂಥ ಸ್ಟೂಲಿನಿಂದ ಬೀದಿಗೆ ಬಿದ್ದ ಮೂರು ಸಂಸಾರ ನನಗೇ ಗೊತ್ತು.

ಗೊತ್ತಿದ್ದರೂ ನನ್ನ ಬುದ್ಧಿ ಬಿಟ್ಟೀತೇ? ಸಮಿತಿ ಸೇರುವುದಕ್ಕೆ ಮೂರು ವಾರ ಇರುವಾಗ ಒಂದು ಕಿಲೋ ಸೀಬೆಹಣ್ಣು ಕಟ್ಟಿಸಿಕೊಂಡು, ಹೇಳದೆ ಕೇಳದೆ ಅವನ ಮನೆಗೆ ಹೋದೆ. ಕಾಯಿಲೆಯವರನ್ನು ನೋಡಲು ಹಣ್ಣು ಹಿಡಿದು ಹೋಗುವುದು ನಮ್ಮ ಪದ್ಧತಿ, ಯಾರೂ ಯಾಕೆ ಬಂದೆ ಎನ್ನುವ ಹಾಗಿಲ್ಲ. ಉಮ್ಮು ಇನ್ಸಾಫ್ ಬಾಗಿಲು ತೆರೆದು ಸೀಬೆಹಣ್ಣು ನೋಡಿದಳು, ನನ್ನ ಮುಖ ನೋಡಿದಳು.

"ಬನ್ನಿ ಎಫೆಂದಿ. ನೋಡೋಕೆ ಬಂದ್ರೋ, ಹಿಡಿಯೋಕೆ ಬಂದ್ರೋ?" ಎಂದಳು.

"ಅಯ್ಯೋ, ಹಾಗ್ಯಾಕಂತೀಯಮ್ಮ!"

"ಅಂದೆ ಅಷ್ಟೆ. ಹಣ್ಣು ಒಳ್ಳೇದೇ ತಂದಿದೀರ."

ಶಲಬಿ ಗೋಡೆಗೆ ಒರಗಿ ನಿಂತಿದ್ದ. ಕೂತರೆ ನೋವು, ಮಲಗಿದರೆ ನಾಚಿಕೆ, ಅತಿಥಿ ಬಂದಾಗ ನಿಂತೇ ಇರುತ್ತಾನಂತೆ. ಚಹಾ ಬಂತು. ನಾನು ಮಾತಾಡುತ್ತಾ ಜೇಬಿನಿಂದ ಪೆನ್ನು ತೆಗೆದು ಕೈಜಾರಿದವನಂತೆ ನೆಲಕ್ಕೆ ಬಿಟ್ಟೆ. ಇದು ನನ್ನ ಹಳೆಯ ಉಪಾಯ. ಬೆನ್ನು ಮುರಿದವನೆಂದು ನಟಿಸುವವನು, ಮನೆಗೆ ಬಂದ ಅತಿಥಿಯ ವಸ್ತು ಬಿದ್ದಾಗ ಮರ್ಯಾದೆಗೆ ತಟ್ಟನೆ ಬಾಗಿಬಿಡುತ್ತಾನೆ. ಹೀಗೆ ಒಂಬತ್ತು ಜನರನ್ನು ಹಿಡಿದಿದ್ದೇನೆ. ಶಲಬಿಯೂ ಬಾಗಲು ಹೋದ. ಅರ್ಧಕ್ಕೆ ನಿಂತ. ಮುಖ ಬೂದಿಯಾಯಿತು, ಮೇಲಕ್ಕೂ ಬರಲಾರ, ಕೆಳಕ್ಕೂ ಹೋಗಲಾರ. ಹೆಂಡತಿ ಓಡಿಬಂದು ಎರಡೂ ಕಂಕುಳಿಗೆ ಕೈಹಾಕಿ ನೆಟ್ಟಗೆ ನಿಲ್ಲಿಸಿದಳು, ಪೆನ್ನನ್ನು ತಾನೇ ಎತ್ತಿ ನನ್ನ ಮಡಿಲಿಗೆ ಎಸೆದಳು.

"ತಗೊಳ್ಳಿ, ನಿಮ್ಮ ಪೆನ್ನು. ಇನ್ನೇನಾದ್ರೂ ಬೀಳಿಸೋದಿದ್ರೆ ಒಟ್ಟಿಗೇ ಬೀಳಿಸಿಬಿಡಿ" ಎಂದಳು.

ಶಲಬಿ ಮಾತ್ರ ನನ್ನ ಕ್ಷಮೆ ಕೇಳಿದ. "ತಪ್ಪು ತಿಳ್ಕೋಬೇಡಿ ಎಫೆಂದಿ, ಮೊದ್ಲು ಹೀಗಿರ್ಲಿಲ್ಲ ನಾನು" ಎಂದ. ಮೆಟ್ಟಿಲಿಳಿಯುವಾಗ ನನಗೆ ನಾಚಿಕೆಯಾಯಿತು. ಬೀದಿಗೆ ಬರುವಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ನನ್ನ ಪೆನ್ನಿನ ಉಪಾಯ ಊರಿಗೆಲ್ಲ ಗೊತ್ತಾಗಿದ್ದರೆ? ಅವನು ಮೊದಲೇ ಸಿದ್ಧನಾಗಿದ್ದರೆ? ಅದೇ ನನ್ನ ರೋಗ, ಅದಕ್ಕೆ ಪಿಂಚಣಿ ಇಲ್ಲ.

ಸಮಿತಿಗೆ ಇನ್ನು ಆರು ದಿನ ಇರುವಾಗ ಮೇಸ್ತ್ರಿ ಮಿತ್ವಲ್ಲಿ ಸತ್ತ. ಬೆಳಿಗ್ಗೆ ಅವರೆಕಾಳು ರೊಟ್ಟಿ ತಿಂದು ಗೋದಾಮಿಗೆ ಹೊರಟವನು ಹೊಸ್ತಿಲಲ್ಲಿ ಕುಸಿದನಂತೆ. ಮಧ್ಯಾಹ್ನದ ನಮಾಜಿನ ನಂತರ ಡೋಲಿ ಮಸೀದಿಯಿಂದ ಹೊರಟಿತು. ಗಿರಣಿ ಅರ್ಧ ದಿನ ರಜೆ ಕೊಟ್ಟಿತ್ತು, ಇಡೀ ಬೀದಿ ಜನ. ಹಮಾಲಿಗಳು ಡೋಲಿಯನ್ನು ಹೊರಗಿನವರಿಗೆ ಮುಟ್ಟಲೂ ಬಿಡಲಿಲ್ಲ. ಅವರ ಪೈಕಿ ಎಲ್ಲರಿಗಿಂತ ಎತ್ತರದವನು ಹಿಂದಾವಿ, ಶಲಬಿಯ ಜೊತೆಗಾರ. ಎಡಗಡೆಯ ಮುಂದಿನ ಕೋಲು ಅವನ ಹೆಗಲ ಮೇಲಿತ್ತು.

ಕಾಫಿ ಅಂಗಡಿಯ ಮೂಲೆಯಲ್ಲಿ ಶಲಬಿ ನಿಂತಿದ್ದ. ಡೋಲಿ ಹತ್ತಿರ ಬಂದಾಗ ಅವನು ಕೈಕೋಲನ್ನು ಕಾಫಿ ಅಂಗಡಿಯವನ ಕೈಗೆ ಕೊಟ್ಟು ಬೀದಿಗೆ ಇಳಿದ. ಯಾರೋ "ಬೇಡ ಉಸ್ತಾ, ಬೇಡ" ಎಂದರು; ನುರಿತ ಕೆಲಸಗಾರನನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಅವನು ಕೇಳಲಿಲ್ಲ. ಕಾಲೆಳೆದುಕೊಂಡು ಹೋಗಿ ಹಿಂದಾವಿಯ ಮುಂದೆ ನುಗ್ಗಿ, ಡೋಲಿಯ ಕೋಲನ್ನು ಕೈಯಲ್ಲಿ ಹಿಡಿದು ಬಲಹೆಗಲನ್ನು ಅದರಡಿಗೆ ಇಟ್ಟ. ಡೋಲಿ ಮುಂದೆ ಹೋಯಿತು. ಶಲಬಿಯೂ ಹೋದ. ಅವನ ಬಾಯಿ ಅಲುಗುತ್ತಿತ್ತು. ದೇವರ ಹೆಸರು ಹೇಳುತ್ತಿದ್ದನೋ ಹೆಜ್ಜೆ ಎಣಿಸುತ್ತಿದ್ದನೋ ನನಗೆ ಗೊತ್ತಿರಲಿಲ್ಲ. ಸೇತುವೆಗೆ ಮುಂಚೆ ಹಿಂದಾವಿ ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

ಜನ ಕಣ್ಣೊರೆಸಿಕೊಂಡರು. ನಾನು ಅಳಲಿಲ್ಲ, ನಾನು ಹೆಗಲು ನೋಡುತ್ತಿದ್ದೆ. ನನ್ನ ಎದುರಿಗೇ, ಮೂರು ಮೊಳ ದೂರದಲ್ಲಿ, ಅವನ ಹೆಗಲಿಗೂ ಕೋಲಿಗೂ ನಡುವೆ ನಾಲ್ಕು ಬೆರಳು ಅಗಲ ಬೆಳಕಿತ್ತು. ಅಂದರೆ ಅವನು ಹೊರುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹೆಣದ ಮುಂದೆಯೂ ನಾಟಕವೇ ಎಂದುಕೊಂಡೆ. ಜೀವ ಉಳಿಸಿದವನಿಗೆ ಸುಳ್ಳು ಹೆಗಲು ಕೊಟ್ಟು ಊರಿನಿಂದ ಶಹಬ್ಬಾಸ್ ಪಡೆಯುವವನು ಬೆನ್ನುನೋವನ್ನು ನಟಿಸಲಾರನೇ? ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ಹಿರಿಯರು. ನಾನು ಕಂಡದ್ದನ್ನೇ ನಂಬಿ ಮನೆಗೆ ಹೋದೆ.

ಎರಡು ದಿನ ಬಿಟ್ಟು ಮೂಗರ್ಜಿ ಬಂತು. ಮಕ್ಕಳ ನೋಟ್‌ಬುಕ್ಕಿನಿಂದ ಹರಿದ ಗೆರೆ ಹಾಳೆ. "ಪೂರ್ಣ ಅಸಮರ್ಥನೆಂದು ಹೇಳಿಕೊಳ್ಳುವ ಹಮಾಲಿ ಶಲಬಿಯು ಮೃತ ಮಿತ್ವಲ್ಲಿಯ ಡೋಲಿಯನ್ನು ನೂರಾರು ಜನರೆದುರು ಹೆಗಲ ಮೇಲೆ ಹೊತ್ತಿರುತ್ತಾನೆ. ಸರ್ಕಾರದ ಹಣ ಪೋಲಾಗದಿರಲೆಂದು ತಿಳಿಸಿರುತ್ತೇನೆ." ಕೆಳಗೆ ಸಹಿ, "ಒಳಿತು ಬಯಸುವವನು". ನಮ್ಮಲ್ಲಿ ಮೂಗರ್ಜಿಗಳೆಲ್ಲ ಇದೇ ಹೆಸರಿನಲ್ಲಿ ಬರುತ್ತವೆ. ಇಪ್ಪತ್ತೆಂಟು ವರ್ಷದಲ್ಲಿ ಅವನಷ್ಟು ಬರೆದವನು ಇನ್ನೊಬ್ಬನಿಲ್ಲ.

ಇಲ್ಲಿ ನನ್ನ ತಪ್ಪೊಂದಿದೆ, ಒಪ್ಪಿಕೊಳ್ಳುತ್ತೇನೆ. ಕಚೇರಿಯಲ್ಲಿ ನನ್ನ ಕ್ರಮ, ಬಂದ ಕಾಗದಕ್ಕೆ ಮೊದಲು ಮುದ್ರೆ, ನಂಬರು, ಆಮೇಲೆ ಓದು. ಓದಿ ಮುದ್ರೆ ಹಾಕುವವನು ಇಷ್ಟವಾಗದ ಕಾಗದವನ್ನು ನುಂಗಿಬಿಡುತ್ತಾನೆ, ಅದಕ್ಕೇ ಈ ಕ್ರಮ. ಮೂಗರ್ಜಿಗೂ ಮುದ್ರೆ ಬಿದ್ದುಹೋಯಿತು. ಮುದ್ರೆ ಬಿದ್ದ ಕಾಗದವನ್ನು ಇನ್ನು ಯಾರೂ ಇಲ್ಲವೆನ್ನುವಂತಿಲ್ಲ. ಆಡಳಿತಾಧಿಕಾರಿ ರುಶ್ದಿಯ ಮೇಜಿಗೆ ಹೋಯಿತು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಆಮೇಲೆ ನೋಡಬೇಕಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಯಾರೂ ಕೇಳದಿದ್ದರೂ ಕಾಫಿ ಅಂಗಡಿಯವನು "ನನಗೆ ಬರೆಯೋಕೇ ಬರಲ್ಲ" ಎಂದ. ಪಕ್ಕದ ಮನೆಯ ಮೇಷ್ಟ್ರು "ನಮ್ಮ ಮನೇಲಿ ಗೆರೆ ನೋಟ್‌ಬುಕ್ಕೇ ಇಲ್ಲ" ಎಂದರು. ಶಲಬಿಯ ಜಾಗಕ್ಕೆ ತನ್ನ ತಮ್ಮನನ್ನು ಸೇರಿಸಲು ಓಡಾಡುತ್ತಿದ್ದ ತೂಕದ ಗುಮಾಸ್ತ ಮಾತೇ ಆಡಲಿಲ್ಲ. ನನಗೆ ಅವನ ಮೇಲೆಯೇ ಹೆಚ್ಚು ಅನುಮಾನ. ಆದರೆ ಬರೆದವನು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಮರುದಿನ ಹಿಂದಾವಿ ನನ್ನ ಕೋಣೆಗೆ ಬಂದ. ಬಾಗಿಲು ಹಾಕಿದ. ನನ್ನ ಎರಡರಷ್ಟಿದ್ದಾನೆ. ಮೇಜಿನ ಮೇಲಿನ ಮುದ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡೆ, ಎಸೆಯಲು ಬೇರೇನೂ ಇರಲಿಲ್ಲ.

"ನೀವೇ ಬರೆದ್ರಾ?" ಎಂದ.

"ನಾನು ಬರೆಯೋದಾಗಿದ್ರೆ ನನ್ನ ಹೆಸರು ಹಾಕಿ ಬರೀತಿದ್ದೆ. ಅವ್ನು ಹೊರ್ಲೇ ಇಲ್ಲ ಅಂತ ಬರೀತಿದ್ದೆ. ನಾಟಕ ಮಾಡ್ದ. ನಾಲ್ಕು ಬೆರಳು ಸಂದಿ ಇತ್ತು, ನಾನು ನೋಡಿದೀನಿ."

ಹಿಂದಾವಿ ಕುರ್ಚಿಯಲ್ಲಿ ಕುಸಿದು ಕೂತ.

"ನೋಡಿಬಿಟ್ರಾ?" ಎಂದ. "ಎಫೆಂದಿ, ನಾಟಕ ಅವ್ನು ಮಾಡ್ಲಿಲ್ಲ. ನಾವು ಮಾಡಿದ್ದು. ಅವ್ನು ಕೆಳಗೆ ನುಗ್ದ ಅಲ್ವಾ, ನಾನು ಕೋಲನ್ನ ಹೆಗಲಿಂದ ಎತ್ತಿ ಎರಡೂ ಅಂಗೈ ಮೇಲೆ ತಗೊಂಡೆ. ಉಳಿದ ಮೂರು ಜನಾನೂ ನೋಡಿ ಹಾಗೇ ಎತ್ತಿದ್ರು. ನಮ್ಮ ಕೈ ಬಿದ್ದೋಗೋ ಹಾಗಾಯ್ತು. ಅವ್ನು ಕೋಲಿಗೆ ಜೋತುಬಿದ್ದಿದ್ದ. ಮೇಸ್ತ್ರೀನೂ ನಾವೇ ಹೊತ್ವಿ, ಶಲಬೀನೂ ನಾವೇ ಹೊತ್ವಿ."

"ಅವ್ನಿಗೆ ಗೊತ್ತಾಗ್ಲಿಲ್ವಾ?"

"ಆ ಹೆಗಲಿಗೆ ಏನು ಗೊತ್ತಾಗತ್ತೆ? ಸೂಜಿ ಚುಚ್ಚಿದ್ರೂ ಗೊತ್ತಾಗಲ್ಲ ಅಂತ ನಿಮ್ಮ ಡಾಕ್ಟ್ರೇ ಬರೆದಿಲ್ವಾ? ಈಗ ಅವ್ನು ಓಣೀಲೆಲ್ಲ ಹನ್ನೊಂದು ಹೆಜ್ಜೆ ಹೊತ್ತೆ ಅಂತ ಹೇಳ್ಕೊಂಡು ಓಡಾಡ್ತಿದಾನೆ. ಬೇಲು ಬಿದ್ಮೇಲೆ ಮೊದಲ್ನೇ ಸಲ ಹೊಟ್ಟೆ ತುಂಬ ಉಂಡ ಅಂತ ಉಮ್ಮು ಇನ್ಸಾಫ್ ಹೇಳಿದ್ಲು. ದೇವರ ಮೇಲೆ ಆಣೆ ಎಫೆಂದಿ, ಅವ್ನಿಗೆ ಮಾತ್ರ ಹೇಳ್ಬೇಡಿ."

"ಹೇಳ್ದಿದ್ರೆ ಪಿಂಚಣಿ ಹೋಯ್ತು."

"ಅವ್ನೇ ಹೊತ್ತಿಲ್ಲ ಅಂದ್ಬಿಟ್ರೆ?"

"ನೂರು ಜನ ನೋಡಿದಾರಲ್ಲೋ."

ಹಿಂದಾವಿ ಎದ್ದು ಹೋದ. ಪೆನ್ನು ಬೀಳಿಸಿದ ದಿನಕ್ಕಿಂತ ಹೆಚ್ಚು ನಾಚಿಕೆ ನನಗೆ ಆ ಮಧ್ಯಾಹ್ನ ಆಯಿತು.

ಭಾನುವಾರ ಬೆಳಿಗ್ಗೆ ಸಮಿತಿ ಸೇರಿತು. ಉದ್ದ ಮೇಜು, ನೊಣ, ಐದು ಲೋಟ ಚಹಾ. ರುಶ್ದಿ ನಡುವೆ. ಗಿರಣಿಯ ಇನ್ನೊಬ್ಬ ಅಧಿಕಾರಿ, ಕಾರ್ಮಿಕ ಸಂಘದವನು, ವಿಮೆ ಕಚೇರಿಯವರು, ಕೊನೆಯಲ್ಲಿ ವಯಸ್ಸಾದ ವೈದ್ಯರು. ನಾನು ಕಡತ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಶಲಬಿ ಒಗೆದ ಜಲಾಬಿಯಾ ನಿಲುವಂಗಿ ಹಾಕಿ, ಕೋಲಿನ ಮೇಲೆ ಭಾರ ಬಿಟ್ಟು ನಿಂತಿದ್ದ. ಉಮ್ಮು ಇನ್ಸಾಫ್ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ರುಶ್ದಿ ಮೂಗರ್ಜಿಯನ್ನು ಗಟ್ಟಿಯಾಗಿ ಓದಿದ.

"ಶಲಬಿ, ಮಿತ್ವಲ್ಲಿ ಡೋಲಿಗೆ ಹೆಗಲು ಕೊಟ್ಯಾ?"

"ಕೊಟ್ಟೆ."

ನಾನು ಕೆಮ್ಮಿದೆ. ಅವನು ನನ್ನ ಕಡೆ ತಿರುಗಿ, "ನೀರು ಕುಡೀರಿ ಎಫೆಂದಿ" ಎಂದ.

"ಎಷ್ಟು ದೂರ ಹೊತ್ತೆ?"

"ಹನ್ನೊಂದು ಹೆಜ್ಜೆ. ಎಣಿಸಿದೀನಿ. ಇನ್ನೂ ಹೊರ್ತಿದ್ದೆ, ಈ ಹಿಂದಾವಿ ಕಿತ್ಕೊಂಡ."

ವಿಮೆಯವರಿಗೇ ಕನಿಕರ ಬಂತು. "ಸರಿಯಾಗಿ ನೆನಪು ಮಾಡ್ಕೊಳಪ್ಪ. ಸುಮ್ನೆ ಪಕ್ಕದಲ್ಲಿ ನಡೆದ್ಯೇನೋ? ಕೈ ಮುಟ್ಟಿಸಿದ್ಯೇನೋ?" ಎಂದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಿರುವ ಜಾತಿಯಲ್ಲ ಶಲಬಿ.

"ಸ್ವಾಮಿ, ನನ್ನ ಬೇಲಿನ ಕೆಳಗಿಂದ ಎಳೆದು ಹಾಕ್ದೋನು ಅವ್ನು. ಅವ್ನ ಉಗುರು ಹೋಗಿದ್ದು ನನ್ನಿಂದ. ಅವ್ನನ್ನ ಹೊತ್ತಿಲ್ಲ ಅಂತ ಪಿಂಚಣಿಗೋಸ್ಕರ ಹೇಳ್ಲಾ? ನಾಳೆ ಮೇಲೆ ಹೋದಾಗ ಅವ್ನ ಮುಖ ಹೆಂಗ್ ನೋಡ್ಲಿ? ಹೊತ್ತೆ. ಬರ್ಕೊಳ್ಳಿ. ಅದೇನು ಬರ್ಕೋತೀರೋ ಬರ್ಕೊಳ್ಳಿ."

ಹಿಂದಾವಿಯನ್ನು ಕರೆದರು. ಅವನು ಒಳಗೆ ಬಂದು ಶಲಬಿಯ ಮುಖ ನೋಡಿದ, ನನ್ನ ಮುಖ ನೋಡಿದ.

"ಹೊತ್ತ ಸ್ವಾಮಿ" ಎಂದ. "ಚೆನ್ನಾಗೇ ಹೊತ್ತ."

ಇನ್ನೊಬ್ಬ ಹಮಾಲಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, "ಉಸ್ತಾ ಹೆಗಲು ಕೊಟ್ಮೇಲೆ ನಮಗೆ ಎಷ್ಟೋ ಹಗುರ ಆಯ್ತು" ಎಂದ. ಶಲಬಿ ತಲೆಯೆತ್ತಿ ನಿಂತ. ಕೆನ್ನೆಗೆ ಬಣ್ಣ ಬಂದಿತ್ತು. ಇಬ್ಬರು ಸ್ನೇಹಿತರು ಅವನ ಮೇಲಿನ ಪ್ರೀತಿಯಿಂದಲೇ ಅವನ ಮನೆ ಮುಳುಗಿಸುತ್ತಿದ್ದರು.

ರುಶ್ದಿ ನಕ್ಕ. "ಹೆಣ ಹೊರೋನಿಗೆ ಗೇಟು ಕಾಯೋಕಾಗಲ್ವೇನಯ್ಯ? ಹೆಣಕ್ಕಿಂತ ಗೇಟು ಭಾರಾನಾ?" ಎಂದು ಪೆನ್ನು ತೆಗೆದ.

ನಾನು ಮಾತಾಡಲೇಬೇಕೆಂದು ಮನೆಯಿಂದ ನಿರ್ಧರಿಸಿ ಬಂದವನಲ್ಲ. ಹಿಂದಾವಿ ಆಣೆ ಹಾಕಿದ್ದ. ಆದರೆ ರುಶ್ದಿಯ ಪೆನ್ನು ಕಾಗದ ಮುಟ್ಟಿತ್ತು, ನನ್ನ ಕಣ್ಣ ಮುಂದೆ ಆ ಸ್ಟೂಲು ಬಂತು, ಸ್ಟೂಲಿನಿಂದ ಬಿದ್ದ ಮೂರು ಸಂಸಾರ ಬಂದವು.

"ಅವನು ಹೊರಲಿಲ್ಲ" ಎಂದೆ. "ನಾನು ಮೂರು ಮೊಳ ದೂರದಲ್ಲಿದ್ದೆ. ಹೆಗಲಿಗೂ ಕೋಲಿಗೂ ನಡುವೆ ನಾಲ್ಕು ಬೆರಳು ಬೆಳಕಿತ್ತು. ಹೊತ್ತಿದ್ದ ನಾಲ್ವರೂ ಡೋಲಿಯನ್ನ ಅಂಗೈ ಮೇಲೆ ಎತ್ತಿ ಹಿಡಿದಿದ್ರು, ಅವನಿಗೆ ಭಾರ ತಾಗದ ಹಾಗೆ. ಅವನು ಅದಕ್ಕೆ ಜೋತುಬಿದ್ದು ನಡೆದ."

"ಸುಳ್ಳು!" ಎಂದು ಶಲಬಿ ಕೂಗಿದ. "ಈ ಮನುಷ್ಯ ಹೆತ್ತ ತಾಯೀನೂ ನಂಬಲ್ಲ. ಹಿಂದಾವಿ, ಹೇಳೋ! ನಾನು ಹೊತ್ನೋ ಇಲ್ವೋ?"

ಹಿಂದಾವಿ ನೆಲ ನೋಡಿದ.

ಅಲ್ಲಿಯವರೆಗೆ ಬಾಯಿ ತೆರೆಯದ ವೈದ್ಯರು ಎದ್ದು ಬಂದರು. ಮೇಜಿನ ಮೇಲಿದ್ದ ದಪ್ಪ ಹಾಜರಿ ಪುಸ್ತಕ ತೆಗೆದುಕೊಂಡು, "ಕಣ್ಣು ಮುಚ್ಕೋ ಮಗಾ" ಎಂದರು. ಶಲಬಿ ಕಣ್ಣು ಮುಚ್ಚಿದ. ಪುಸ್ತಕವನ್ನು ಬಲಹೆಗಲ ಮೇಲಿಟ್ಟರು.

"ಭಾರ ಇದೆಯಾ?"

"ಇದೆ."

ಪುಸ್ತಕವನ್ನು ಎತ್ತಿ ಸದ್ದಿಲ್ಲದೆ ಮೇಜಿನ ಮೇಲಿಟ್ಟರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು.

"ಈಗ?"

"ಇದೆ. ನಾನು ಹೊರಬಲ್ಲೆ ಸ್ವಾಮಿ. ಇನ್ನೂ ಇಡಿ."

ವೈದ್ಯರು ತಮ್ಮ ಕುರ್ಚಿಗೆ ಹಿಂದಿರುಗಿದ ಸದ್ದಿಗೆ ಶಲಬಿ ಕಣ್ಣು ತೆರೆದ. ಪುಸ್ತಕ ಮೇಜಿನ ಮೇಲಿತ್ತು. ಅವನು ಎಡಗೈಯಿಂದ ತನ್ನ ಬಲಹೆಗಲನ್ನು ತಡವಿದ, ಅಲ್ಲಿ ಏನಾದರೂ ಉಳಿದಿದೆಯೇ ಎಂಬಂತೆ. ಜೀವಮಾನದಲ್ಲಿ ಒಬ್ಬ ಮನುಷ್ಯನ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನ ಉಳಿಯದ ಗಳಿಗೆ ಅದೊಂದೇ. ಅದರಿಂದ ಏನೂ ಸಂತೋಷವಾಗಲಿಲ್ಲ.

ವೈದ್ಯರು ಮೊದಲು ಸಹಿ ಹಾಕಿದರು, ಆಮೇಲೆ ಉಳಿದವರು, ಕೊನೆಗೆ ಮುಖ ಗಂಟಿಕ್ಕಿಕೊಂಡು ರುಶ್ದಿ. ಪೂರ್ಣ ಅಸಮರ್ಥ, ಯಾವ ಕೆಲಸಕ್ಕೂ ಬಾರದವನು. ಶಲಬಿ ನಾನು ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದ. ಕಾಗದ ಓದಿ ಹೇಳಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದ.

ಬಾಗಿಲು ತೆರೆದಾಗ ಉಮ್ಮು ಇನ್ಸಾಫ್ ನನ್ನ ಕೈಯಲ್ಲಿದ್ದ ಕಾಗದ ನೋಡಿದಳು. "ಆಯ್ತು" ಎಂದೆ. ಅವಳು ಎದ್ದುನಿಂತು, ನಾಲಿಗೆ ಆಡಿಸಿ, ಮದುವೆ ಮನೆಯಲ್ಲಿ ಹಾಕುವಂಥ ಹರ್ಷದ ಕೂಗು ಹಾಕಿದಳು. ಇಡೀ ಮೆಟ್ಟಿಲ ಸಾಲು ಗುಂಯ್ ಎಂದಿತು. ಮೇಲಿನ ಮಹಡಿಯ ಟೈಪಿಸ್ಟ್ ಹುಡುಗಿಯರು ಬಗ್ಗಿ ನೋಡಿ "ಶುಭವಾಗ್ಲಿ ಅಮ್ಮಾ, ಏನು ಸಮಾಚಾರ?" ಎಂದು ಕೂಗಿದರು. ಗಂಡ ಯಾವ ಕೆಲಸಕ್ಕೂ ಬಾರದವನೆಂದು ಐದು ಜನ ಸಹಿ ಹಾಕಿಕೊಟ್ಟಿದ್ದಾರೆ, ಇನ್ನು ಮೂರು ಹೆಣ್ಣುಮಕ್ಕಳು ಉಪವಾಸ ಬೀಳುವುದಿಲ್ಲ, ಅವಳು ಕೂಗು ಹಾಕದೆ ಏನು ಮಾಡಿಯಾಳು?

"ಸುಮ್ನಿರೇ" ಎಂದ ಶಲಬಿ. ಅವಳಿಗೆ ಅರ್ಥವಾಗಲಿಲ್ಲ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ಅತ್ತಳು.

ಅವನು ಇಳಿಯತೊಡಗಿದ. ಹಿಂದಾವಿ ರಟ್ಟೆ ಹಿಡಿಯಲು ಹೋದ. "ಮುಟ್ಬೇಡ" ಎಂದ ಶಲಬಿ. ಒಂದು ಕೈ ಗೋಡೆಗೆ, ಒಂದು ಕೈ ಕೋಲಿಗೆ ಕೊಟ್ಟು ಒಂದೊಂದೇ ಮೆಟ್ಟಿಲು ಇಳಿದ. ತಿರುವಿನಲ್ಲಿ ನಿಂತು ನನಗಾಗಿ ಕಾದ. ನಾನು ಹತ್ತಿರ ಹೋದಾಗ, ಹೆಂಡತಿಗೆ ಕೇಳದಷ್ಟು ಮೆಲ್ಲಗೆ ಕೇಳಿದ.

"ಎಫೆಂದಿ, ಅವ್ರೆಲ್ಲ ನನ್ನ ಮೇಲಿನ ಪ್ರೀತಿಗೆ ಸುಳ್ಳು ಹೇಳ್ತಾರೆ. ನೀವು ಹೇಳಲ್ಲ. ಹತ್ತು ಹೆಜ್ಜೆ ಬಿಡಿ. ಒಂದು? ಮೊದಲ್ನೇದು? ನಾನು ಕೆಳಗೆ ನುಗ್ಗಿದ್ನಲ್ಲ, ಅವ್ರು ಎತ್ತೋಕ್ ಮುಂಚೆ... ಒಂದಾದ್ರೂ ಹೊತ್ನಾ?"

ಮೊದಲ ಹೆಜ್ಜೆಯನ್ನೂ ನಾನು ಸರಿಯಾಗಿಯೇ ನೋಡಿದ್ದೆ. ಆಗಲೂ ನಡುವೆ ಅದೇ ನಾಲ್ಕು ಬೆರಳು ಬೆಳಕಿತ್ತು.

"ಮೊದಲ್ನೇದು ನಾನು ನೋಡ್ಲಿಲ್ಲ ಉಸ್ತಾ" ಎಂದೆ. "ಯಾರೋ ಅಡ್ಡ ಬಂದ್ರು. ಎರಡನೇದ್ರಿಂದ ನೋಡಿದ್ದು."

ಶಲಬಿ ನನ್ನ ಮುಖವನ್ನು ನೋಡಿದ. ಬಹಳ ಹೊತ್ತು ನೋಡಿದ, ಕಣ್ಣು ಕಿರಿದು ಮಾಡಿಕೊಂಡು, ಕಡತದ ಆಚೆ ನಿಂತವರನ್ನು ನಾನು ಇಪ್ಪತ್ತೆಂಟು ವರ್ಷ ನೋಡಿದ ಹಾಗೆ. ಆಮೇಲೆ ತಿರುಗಿ ಇಳಿಯತೊಡಗಿದ. ನಂಬಿರಲಿಲ್ಲ.